ಎಲ್ವಿನ್‌ಗೆ ಆಟ ಗೊತ್ತಿಲ್ಲವಂತೆ

ಎಲ್ವಿನ್ ಪ್ರಾಟ್‌ನ ಕಷ್ಟಕ್ಕೆಲ್ಲ ಮೂಲ ಒಂದು ದುರ್ಬೀನು. ಕನ್ನಡಕದ ಅಂಗಡಿಯವನ ಬಳಿ ದುರ್ಬೀನು ಇರುವುದರಲ್ಲಿ ತಪ್ಪೇನಿಲ್ಲ. ಆದರೆ ನಾರ್ತ್‌ಕ್ರೀಕ್ ಊರಿನ ಮೇಲೆ ಪಂದ್ಯವಿರುವ ಶುಕ್ರವಾರ ಬೆಳಗ್ಗೆ, ಹೈಸ್ಕೂಲು ಮೈದಾನದ ಬೇಲಿಯಾಚೆ ನಿಂತು, ಅಭ್ಯಾಸ ಮಾಡುತ್ತಿದ್ದ ನಮ್ಮ ಹುಡುಗರ ಕಡೆಗೆ ಅದನ್ನು ತಿರುಗಿಸಿದ್ದು ಮಾತ್ರ ಅವನ ಗ್ರಹಚಾರ.

ನಮ್ಮ ವೆಲ್ಬಿ ನೆಬ್ರಾಸ್ಕದ ಮೆಕ್ಕೆಜೋಳದ ಹೊಲಗಳ ನಡುವಿನ ಊರು. ಇಲ್ಲಿ ಫುಟ್ಬಾಲ್ ಗೊತ್ತಿಲ್ಲದವರಿಲ್ಲ. ಪಾದ್ರಿಗೆ ಗೊತ್ತು, ಹೆರಿಗೆ ಮಾಡಿಸುವ ನರ್ಸಿಗೆ ಗೊತ್ತು, ಕಿವಿ ಕೇಳದ ಪೋಸ್ಟ್‌ಮಾಸ್ತರನಿಗೂ ಗೊತ್ತು. ಕಾಲಲ್ಲಿ ಒದ್ದು ಆಡುವ ಆ ಇನ್ನೊಂದು ಫುಟ್ಬಾಲ್ ಅಲ್ಲ; ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರ ಎದೆಗೆ ಎದೆ ಕೊಟ್ಟು ನುಗ್ಗುವ ನಮ್ಮ ಫುಟ್ಬಾಲ್. ಎಲ್ವಿನ್ ಮಾತ್ರ ಪೂರ್ವದ ದೊಡ್ಡ ಊರೊಂದರಲ್ಲಿ, ಪಿಯಾನೋ ಕಲಿಸುವ ಇಬ್ಬರು ಚಿಕ್ಕಮ್ಮಂದಿರ ಕೈಯಲ್ಲಿ ಬೆಳೆದವನು. ಆ ಚೆಂಡಿಗೆ ತಲೆ ಯಾವುದು, ಬಾಲ ಯಾವುದು ಎಂಬುದೂ ಅವನಿಗೆ ತಿಳಿಯದು.

ಇಂಥವನು ಹೋಗಿ ಹೋಗಿ ಪ್ರೀತಿಸಿದ್ದು ನಮ್ಮ ತಂಡದ ಕೋಚ್ ಹ್ರುಸ್ಕನ ಮಗಳು ಲೋರ್ನಾಳನ್ನು. ಈ ಸಲದ ಪಂದ್ಯವನ್ನು ತನ್ನ ಮನೆಯವರ ಜತೆಯಲ್ಲೇ ಕೂತು ನೋಡಬೇಕೆಂದು ಕೋಚ್ ಹೇಳಿ ಕಳಿಸಿದ್ದ. ಪಂದ್ಯ ಮುಗಿದೊಡನೆ ಮದುವೆಯ ಮಾತೆತ್ತಲು ಎಲ್ವಿನ್ ಉಂಗುರವನ್ನೂ ಜೇಬಿನಲ್ಲಿಟ್ಟುಕೊಂಡಿದ್ದ. ಆದರೆ ಭಾವೀ ಮಾವನ ಮುಂದೆ ಬಾಯಿ ಬಿಟ್ಟರೆ ಬಣ್ಣಗೇಡು. ಲೋರ್ನಾ ಹತ್ತಿರ ಗೋಳಾಡಿಕೊಂಡಾಗ ಅವಳು ನಕ್ಕು, "ಗೊತ್ತಿಲ್ದೇ ಇರೋದೇ ಚೆಂದ ಕಣೋ, ಹಾಗೇ ಇರು" ಎಂದಳು. ಪಾಪ, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡ ಅವನು ಕದ್ದು ಕಲಿಯಲು ಹೊರಟ.

ಅವನನ್ನು ಮೊದಲು ಕಂಡವಳು ಮೇವಿಸ್ ಕುಬಿಕ್. ತಂಡದಲ್ಲೇ ಜೋರಾಗಿ ಓಡುವ ಟ್ರಾವಿಸ್‌ನ ತಾಯಿ. ಬೇಲಿಯ ಹಿಂದೆ ಏನು ನಡೆಯುತ್ತಿದೆ ಎಂಬುದು ಬೇಲಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ.

"ಏನಪ್ಪಾ, ಹಕ್ಕಿ ನೋಡ್ತಿದೀಯಾ?"

ಹೌದು ಎಂದಿದ್ದರೆ ಬದುಕಿಕೊಳ್ಳುತ್ತಿದ್ದ. "ಇಲ್ಲ ಮೇವಿಸಮ್ಮ, ಆಟ ಕಲೀತಿದೀನಿ. ನಾಲ್ಕು ಸಲ ನುಗ್ಗಿ ಆದ್ಮೇಲೆ ಚೆಂಡನ್ನ ಸುಮ್ನೆ ಆಚೆಯವರಿಗೆ ಕೊಟ್ಬಿಡ್ತಾರಲ್ಲ, ಯಾಕೆ?"

ಮೇವಿಸ್ ನಗಲಿಲ್ಲ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಇದು ವೆಲ್ಬಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮೀಸೆ ಬಂದ ಗಂಡಸು ಗೊತ್ತಿಲ್ಲ ಎನ್ನುತ್ತಾನೆಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಅವಳ ಕಣ್ಣು ರಸ್ತೆಯಲ್ಲಿ ನಿಂತಿದ್ದ ಅವನ ಕಾರಿನ ನಂಬರ್ ಪ್ಲೇಟಿಗೆ ಹೋಯಿತು. ನಮ್ಮಲ್ಲಿ ಪ್ಲೇಟಿನ ಮೊದಲ ಅಂಕಿ ನೋಡಿದರೆ ಗಾಡಿ ಯಾವ ಕೌಂಟಿಯದು, ಅಂದರೆ ಯಾವ ಜಿಲ್ಲೆಯದು ಎಂದು ತಿಳಿದುಬಿಡುತ್ತದೆ. ಎಲ್ವಿನ್ ಆ ಹಳೆಯ ಕಾರನ್ನು ಕೊಂಡದ್ದು ನಾರ್ತ್‌ಕ್ರೀಕ್ ಕಡೆಯವರಿಂದ. ಪ್ಲೇಟು ಬದಲಾಯಿಸುವುದನ್ನು ಇವತ್ತು ನಾಳೆ ಎಂದು ಮುಂದೂಡುತ್ತಲೇ ಇದ್ದ. ಮೇವಿಸ್ ಅಲ್ಲಿಂದ ಹೊರಟಳು, ಮತ್ತು ಮಧ್ಯಾಹ್ನದ ಹೊತ್ತಿಗೆ ಕನ್ನಡಕದವನು ನಾರ್ತ್‌ಕ್ರೀಕ್‌ನ ಗೂಢಚಾರ ಎಂದು ಊರಿಗೆಲ್ಲ ಖಾತ್ರಿಯಾಗಿತ್ತು.

ಕನ್ನಡಕದ ಕಡ್ಡಿ ಮುರಿದಿದೆ, ಬಂದು ಸರಿಮಾಡಿಕೊಡಿ ಎಂದು ಮಾಂಸದಂಗಡಿಯ ಓಡೆಲ್‌ನಿಂದ ಕರೆ ಬಂತು. ಎಲ್ವಿನ್ ಸಲಕರಣೆಯ ಪೆಟ್ಟಿಗೆ ಹಿಡಿದು ಹೋದ. ಓಡೆಲ್ ಕನ್ನಡಕ ಹಾಕುವವನೇ ಅಲ್ಲ ಎಂದು ಅವನಿಗೆ ನೆನಪಾಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು, ಒಳಗೆ ಮೇವಿಸ್ ಕೈಕಟ್ಟಿ ಕೂತಿದ್ದಳು.

ಕೋಚ್ ಬರುವವರೆಗೆ ಊಟಕ್ಕೇನೂ ಕಡಿಮೆ ಮಾಡಲಿಲ್ಲ. ಚಿಲ್ಲಿ ಎಂಬ ಖಾರದ ಮಾಂಸದ ಸಾರು, ಪಕ್ಕದಲ್ಲೇ ಬನ್ನಿನಂಥ ದಾಲ್ಚಿನ್ನಿಯ ಸಿಹಿ ರೋಲ್. ನಮ್ಮಲ್ಲಿ ಎಲ್ಲರೂ ರೋಲನ್ನು ಚಿಲ್ಲಿಯಲ್ಲಿ ಅದ್ದಿ ತಿನ್ನುತ್ತಾರೆ. ಎಲ್ವಿನ್ ಮೊದಲು ಚಿಲ್ಲಿ ಮುಗಿಸಿ, ಬಾಯೊರೆಸಿಕೊಂಡು, ಆಮೇಲೆ ರೋಲ್ ತಿಂದ. ಓಡೆಲ್ ಮೇವಿಸ್‌ಳ ಮುಖ ನೋಡಿದ. ಮೇವಿಸ್ ನಿಧಾನವಾಗಿ ತಲೆಯಾಡಿಸಿದಳು.

ಕೋಚ್ ಹ್ರುಸ್ಕ ಬಂದವನೇ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಬೆಳಗ್ಗೆ ಏನೇನು ಕಂಡೆ, ಒಂದೂ ಬಿಡದೆ ಹೇಳು ಎಂದ. ಅಳಿಯನಾಗುವವನು ನಾಲ್ಕು ಒಳ್ಳೆಯ ಮಾತಾಡಬೇಕಲ್ಲ ಎಂದು ಎಲ್ವಿನ್ ಗಂಟಲು ಸರಿಪಡಿಸಿಕೊಂಡ.

"ಎಲ್ಲ ಚೆನ್ನಾಗಿತ್ತು ಸಾರ್. ಒಂದೇ ಒಂದು ನಂಗೆ ಅರ್ಥ ಆಗ್ಲಿಲ್ಲ. ಎಲ್ಲರೂ ಆ ಜೋರಾಗಿ ಓಡೋ ಹುಡುಗನ್ನೇ ಅಟ್ಟಿಸ್ಕೊಂಡು ಹೋಗ್ತಾರೆ. ತುದೀಲಿ ಒಬ್ಬ ದಪ್ಪ ಹುಡುಗ ನಿಂತಿರ್ತಾನಲ್ಲ, ಅವನ ಕಡೆ ಒಬ್ಬರೂ ತಿರುಗಿ ನೋಡಲ್ಲ. ಚೆಂಡನ್ನ ಅವನಿಗೇ ಎಸೆದ್ರೆ ಆಗಲ್ವಾ?"

ಕೋಚ್‌ನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆ ದಪ್ಪ ಹುಡುಗ ಗಸ್‌ನ ಕೆಲಸ ಬರೀ ತಳ್ಳುವುದು. ಹುಟ್ಟಿದಾಗಿನಿಂದ ಒಮ್ಮೆಯೂ ಅವನು ಚೆಂಡು ಮುಟ್ಟಿರಲಿಲ್ಲ. ನಾರ್ತ್‌ಕ್ರೀಕ್‌ಗೆ ಮಣ್ಣು ಮುಕ್ಕಿಸಲೆಂದೇ ಕೋಚ್ ಈ ವಾರ, ಚೆಂಡು ಹಿಡಿಯಲು ನಿಯಮ ಒಪ್ಪುವಂತೆ ಅವನ ಅಂಗಿಯ ನಂಬರು ಬದಲಾಯಿಸಿ, ವ್ಯಾಯಾಮಶಾಲೆಯ ಬಾಗಿಲು ಹಾಕಿಕೊಂಡು, ಎಸೆದ ಚೆಂಡು ಹಿಡಿಯುವುದನ್ನು ಕಲಿಸಿದ್ದ. ಮೈದಾನದಲ್ಲಿ ಅದನ್ನು ಒಮ್ಮೆಯೂ ಆಡಿಸಿರಲಿಲ್ಲ, ಹೆತ್ತ ಮಗಳಿಗೂ ಹೇಳಿರಲಿಲ್ಲ.

"ಯಾರು ಹೇಳಿದ್ದು ನಿಂಗೆ?"

"ಯಾರೂ ಇಲ್ಲ ಸಾರ್. ನಂಗೇ ಅನ್ನಿಸ್ತು."

"ಏನೂ ಗೊತ್ತಿಲ್ದೇ ಇರೋನಿಗೆ ಅನ್ನಿಸ್ತಂತೆ" ಎಂದಳು ಮೇವಿಸ್.

ಗುಟ್ಟು ರಟ್ಟಾಯಿತೆಂದು ಕೋಚ್ ಆ ಉಪಾಯವನ್ನೇ ಕೈಬಿಟ್ಟ. ಇವನನ್ನು ಹೊರಗೆ ಬಿಟ್ಟರೆ ಇನ್ನೇನು ಹೇಳುತ್ತಾನೋ, ಕಟ್ಟಿಹಾಕಿದರೆ ಷೆರೀಫ್ ಕೇಳುತ್ತಾನೆ. ಕೊನೆಗೆ ಪಂದ್ಯದ ವೇಳೆ ತನ್ನ ಪಕ್ಕದ ಬೆಂಚಿನಲ್ಲೇ ಕೂರಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಕೈಸನ್ನೆ ಮಾಡಬಾರದೆಂದು ಓಡೆಲ್ ತನ್ನ ಶೀತಲಕೋಣೆಯ ದಪ್ಪ ಕೈಗವಸುಗಳನ್ನು ಅವನ ಎರಡೂ ಕೈಗೆ ತೊಡಿಸಿ, ಮಣಿಕಟ್ಟಿನಲ್ಲಿ ಸೆಣಬಿನ ದಾರದಿಂದ ಬಿಗಿದ. ಲೋರ್ನಾಗೆ ಯಾರೂ ಏನೂ ಹೇಳಲಿಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಕೂತಿದ್ದ ಅವಳು, ಅಪ್ಪನ ಪಕ್ಕದಲ್ಲಿ ಅವನನ್ನು ಕಂಡು ಹುಬ್ಬು ಗಂಟಿಕ್ಕಿದಳು.

ಸಂಜೆಯ ಚಳಿ ಮೂಳೆ ಕೊರೆಯುತ್ತಿತ್ತು. ಎಲ್ವಿನ್ ಸೀನಿದರೆ ಓಡೆಲ್ ಅದು ಯಾರಿಗೆ ಸಂಕೇತ ಎಂದು ಎದುರಿನ ಗುಂಪನ್ನು ಹುಡುಕುತ್ತಿದ್ದ. ಕೆಮ್ಮಿದರೆ ಕೋಚ್ ಹೂಡಿದ್ದ ಆಟವನ್ನೇ ಬದಲಾಯಿಸುತ್ತಿದ್ದ. ಹೀಗೆ ಕೆಮ್ಮಿಗೊಂದು ಆಟ ಬದಲಾಯಿಸಿ ನಮ್ಮ ತಂಡ ಅರ್ಧ ಪಂದ್ಯ ಹಾಳು ಮಾಡಿಕೊಂಡಿತು. ಕೊನೆಯ ನಿಮಿಷಕ್ಕೆ ನಾವು ನಾಲ್ಕು ಅಂಕ ಹಿಂದೆ. ಉಳಿದದ್ದು ನಾಲ್ಕನೆಯ ಯತ್ನ ಒಂದೇ. ಕೋಚ್ ತಲೆಯ ಮೇಲೆ ಕೈಹೊತ್ತು, ಆಟಕ್ಕೆ ಬಿಡುವು ಕೇಳಿ ನಿಂತಿದ್ದ.

"ಸಾರ್" ಎಂದ ಎಲ್ವಿನ್, ತಡೆಯಲಾರದೆ. "ಅವರೂ ಆ ದಪ್ಪ ಹುಡುಗನ್ನ ನೋಡ್ತಾನೇ ಇಲ್ವಲ್ಲ. ನನ್ನ ಹಾಗೆ ಅವನೂ ಸುಮ್ನೆ ನಿಂತಿದಾನೆ, ಪಾಪ."

ಕೋಚ್ ಕತ್ತೆತ್ತಿ ನೋಡಿದ. ನಿಜ, ಸಂಜೆಯಿಂದ ಗಸ್‌ನ ಹತ್ತಿರ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಗುಟ್ಟು ತಿಳಿದಿದ್ದರೆ ಹೀಗೆ ಬಿಡುತ್ತಿದ್ದರೇ? ಅವನು ಹುಡುಗರನ್ನು ಕರೆದು ಕಿವಿಯಲ್ಲಿ ಉಸುರಿದ. ಆಟ ಶುರುವಾಯಿತು. ಟ್ರಾವಿಸ್ ಬರಿಗೈಯಲ್ಲಿ ಎಡಕ್ಕೆ ಓಡಿದ, ನಾರ್ತ್‌ಕ್ರೀಕ್ ಇಡೀ ಅವನ ಬೆನ್ನು ಹತ್ತಿತು, ಚೆಂಡು ಹಾರಿ ಹೋಗಿ ಗಸ್‌ನ ಹೊಟ್ಟೆಗೆ ಬಿತ್ತು. ಅವನು ಅದನ್ನು ಅಪ್ಪಿಕೊಂಡು ಯಾರ ಅಡ್ಡಿಯೂ ಇಲ್ಲದೆ ನಡೆದುಕೊಂಡೇ ಗೆರೆ ದಾಟಿದ. ಗೆರೆ ದಾಟಿದರೆ ಆರು ಅಂಕ; ನಾವು ಗೆದ್ದೆವು.

ಎಲ್ವಿನ್ ಗೂಢಚಾರನಲ್ಲ ಎಂಬುದು ಆಗಲೇ ಸಾಬೀತಾಯಿತು. ಹಾಗಾದರೆ ಇವನು ಯಾರು? ಬೇಲಿಯ ಹಿಂದೆ ಒಂದು ಬೆಳಗ್ಗೆ ನಿಂತು ಇಂಥ ಉಪಾಯ ಹೊಳೆಯಬೇಕಾದರೆ ಆಟವನ್ನು ಅರೆದು ಕುಡಿದವನೇ ಇರಬೇಕು. ಹೆಸರು ಮರೆಸಿಕೊಂಡು ಬಂದ ಯಾವುದೋ ದೊಡ್ಡ ಕೋಚ್ ಎಂದು ಮೇವಿಸ್ ಎರಡು ನಿಮಿಷದಲ್ಲಿ ಮೈದಾನಕ್ಕೆಲ್ಲ ಸಾರಿದಳು. ಓಡೆಲ್ ಅವನನ್ನು ಹೆಗಲ ಮೇಲೆ ಹೊತ್ತುಕೊಂಡ. ಕೋಚ್ ಜನರೆದುರು, ಈ ಗೆಲುವು ಇವನದು, ಇಂಥ ಅಳಿಯ ಸಿಕ್ಕರೆ ನನ್ನ ಪುಣ್ಯ ಎಂದುಬಿಟ್ಟ.

ಹೆಗಲ ಮೇಲಿಂದ ಎಲ್ವಿನ್ ಲೋರ್ನಾಳನ್ನು ಕಂಡ. ಅವಳು ಮೆಟ್ಟಿಲಿಳಿದು ಬರುತ್ತಿದ್ದಳು. ಕೆಳಗೆ ಹಾರಿ, ಉಂಗುರ ತೆಗೆಯಲು ಜೇಬಿಗೆ ಕೈ ಹಾಕಿದ. ಕೈಗವಸು ಜೇಬಿನೊಳಗೆ ಹೋಗಲಿಲ್ಲ.

"ಮೂರು ತಿಂಗಳು ಎಷ್ಟು ಚೆನ್ನಾಗಿ ನಟಿಸಿದೆ" ಎಂದಳು ಲೋರ್ನಾ.

"ಲೋರ್ನಾ, ದೇವರಾಣೆಗೂ ನಂಗೇನೂ ಗೊತ್ತಿಲ್ಲ."

"ಸಾಕು ಮಾಡು. ನಮ್ಮನೇಲಿ ಊಟಕ್ಕೆ ಕೂತ್ರೂ ಫುಟ್ಬಾಲು, ಅಮ್ಮ ಹೋದ ದಿನಾನೂ ಬಂದೋರೆಲ್ಲ ಮಾತಾಡಿದ್ದು ಫುಟ್ಬಾಲು. ಈ ಊರಲ್ಲಿ ಒಬ್ಬನಾದ್ರೂ ಅದರ ಗಂಧ ಇಲ್ದೋನು ಇದಾನಲ್ಲ ಅಂತ ನಿನ್ನ ನಂಬಿದ್ದೆ. ನೀನು ಅಪ್ಪನಿಗೇ ಪಾಠ ಹೇಳೋನು."

ಅವಳ ಕಣ್ಣಲ್ಲಿ ನೀರಿತ್ತು. ಅವನು ಕಟ್ಟಿದ ಎರಡು ಕೈ ಚಾಚಿ ನಿಂತೇ ಇದ್ದ, ಅವಳು ಗೇಟು ದಾಟಿ ಹೋದಳು. ಊರಿಡೀ ಅನುಮಾನಪಟ್ಟಾಗ ಅವನಿಗೆ ಇಷ್ಟು ನೋವಾಗಿರಲಿಲ್ಲ.

ಕೋಚ್ ಬಂದು ಅವನ ಭುಜ ಬಳಸಿದ. ಬೇಜಾರು ಮಾಡಿಕೊಳ್ಳಬೇಡ, ಅವಳಮ್ಮನೂ ಹೀಗೇ ಸಿಡುಕುತ್ತಿದ್ದಳು, ಭಾನುವಾರ ಬೆಳಗ್ಗೆಯೇ ಬಂದುಬಿಡು, ಮುಂದಿನ ಪಂದ್ಯಕ್ಕೆ ಇಬ್ಬರೂ ಕೂತು ತಯಾರಿ ಮಾಡೋಣ ಎಂದ.

ಎಲ್ವಿನ್‌ಗೆ ಅಳು ಬಂತು. "ಸಾರ್, ಹೇಗಾದ್ರೂ ನಂಬಿ. ನಾಲ್ಕು ಸಲ ಆದ್ಮೇಲೆ ಚೆಂಡನ್ನ ಯಾಕೆ ಆಚೆಯವರಿಗೆ ಕೊಡ್ತಾರೆ ಅನ್ನೋದೂ ನಂಗಿನ್ನೂ ಗೊತ್ತಿಲ್ಲ."

ಕೋಚ್ ಅತ್ತಿತ್ತ ನೋಡಿ, ಹತ್ತಿರ ಬಗ್ಗಿ, ದನಿ ತಗ್ಗಿಸಿದ.

"ಎಲ್ಲರೂ ಹೋದ್ರು ಕಣಯ್ಯಾ. ಈಗಲಾದ್ರೂ ಹೇಳು, ಮುಂಚೆ ಯಾವ ತಂಡದಲ್ಲಿದ್ದೆ?"