ಕಾರ್ಖಾನೆಯ ಸಕ್ಕರಮ್ಮ

ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಬಾಳೆಲ್ಲ ಸಿಹಿ ಅಂತ ಜನ ತಿಳಿದಿರುತ್ತಾರೆ. ಸಿಹಿಯ ಮಾತು ಹಾಗಿರಲಿ, ನಗುವಿಗಂತೂ ಅಲ್ಲಿ ಬರವಿರಲಿಲ್ಲ. ಅರವತ್ತರ ದಶಕದಲ್ಲಿ ಗೌರಿಬಿದನೂರಿನ ಹತ್ತಿರ ನಾನು ಫಿಟ್ಟರ್ ಆಗಿದ್ದೆ.

ಬಂದರಿನಿಂದ ಬಂದ ಪಾತ್ರೆ

ಕಬ್ಬಿನ ರಸ ಕುದಿಸುವ ನಮ್ಮ ದೊಡ್ಡ ಪಾತ್ರೆ ಹಳೆಯ ಮಾಲು. ಆಂಧ್ರದ ಒಂದು ಬಂದರಿನಲ್ಲಿ ಬಿಳಿಯರು ಕಟ್ಟಿದ್ದ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಅಗ್ಗಕ್ಕೆ ಬಂದದ್ದು. ಮದುವಣಗಿತ್ತಿಯ ಜೊತೆ ಸೋದರಮಾವ ಬರುವ ಹಾಗೆ, ಅದರ ಜೊತೆ ಅಲ್ಲಿನ ಮುದಿ ಫೋರ್‌ಮನ್ ಕೂಡ ಬಂದಿದ್ದರು. ತೆಲುಗಿನವರು. ನಾವೆಲ್ಲ ತಾತ ಅನ್ನುತ್ತಿದ್ದೆವು.

ನನಗೋ ಕೆದಕಿ ಕೇಳುವ ಚಟ. "ತಾತಾ, ಈ ಪಾತ್ರೆ ಬಿಸಿಯಾದಾಗಲೆಲ್ಲ ಯಾಕೆ ಹಿಂಗೆ ಅಳುತ್ತೆ?" ಅಂದೆ.

"ಸಮುದ್ರ ನೋಡ್ಕೊಂಡು ಬೆಳೆದಿದ್ದು ಕಣಪ್ಪಾ. ನಿಮ್ಮೂರ ಹೊಳೇಲಿ ಕಾಲು ತೊಳೆಯೋಕೂ ನೀರಿಲ್ಲ. ಅಳದೆ ಏನ್ಮಾಡುತ್ತೆ?"

ಕುಂಕುಮ

ಆ ಪಾತ್ರೆಯ ಬಾಗಿಲ ಮೇಲೆ ಕಿರೀಟ ಇಟ್ಟ ಒಂದು ಹೆಣ್ಣಿನ ಮುಖವಿತ್ತು, ತಟ್ಟೆಯಷ್ಟು ಅಗಲದ ಕಂಚಿನದು. ಇಂಗ್ಲೆಂಡಿನ ಹಳೇ ರಾಣಿ. ಕಬ್ಬಿನ ಗಾಡಿಗಳ ಜೊತೆ ಬರುತ್ತಿದ್ದ ನಗರಗೆರೆ ಕಡೆಯ ಹೆಂಗಸರು ಅದಕ್ಕೆ ಕುಂಕುಮ ಹಚ್ಚಿ, ಹೂ ಮುಡಿಸಿ, ಸಕ್ಕರಮ್ಮ ಅಂತ ಹೆಸರೂ ಇಟ್ಟರು. ಮ್ಯಾನೇಜರ್ ಗದರಿದರು: "ಅವಳು ದೇವರಲ್ಲಮ್ಮಾ, ಬಿಳಿಯರ ರಾಣಿ!"

"ಯಾರಾದ್ರೇನು ಸ್ವಾಮಿ? ಇಷ್ಟು ಜನ ಗಂಡಸರ ಮಧ್ಯೆ ಒಬ್ಬಳೇ ಕೂತವಳೆ. ಬರೀ ಹಣೇಲಿ ಬಿಡಕ್ಕಾಯ್ತದಾ?"

ಮಾರನೆಯ ದಿನ ಮ್ಯಾನೇಜರೇ ಮಲ್ಲಿಗೆ ತರಿಸಿದರು.

ಮೂಳೆ

ಬಿಳಿಯರು ಸಕ್ಕರೆಯನ್ನು ಅಷ್ಟು ಬೆಳ್ಳಗೆ ಹೇಗೆ ಮಾಡುತ್ತಿದ್ದರು ಅಂತ ಒಮ್ಮೆ ಟೀ ಅಂಗಡಿಯಲ್ಲಿ ತಾತನನ್ನು ಕೇಳಿದೆ. "ಮೂಳೆ ಸುಟ್ಟ ಇದ್ದಿಲಲ್ಲಿ ಸೋಸ್ತಿದ್ರು," ಅಂದರು. ಕೇಳಬಾರದಿತ್ತು. ಆ ಸುದ್ದಿ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಯಿತು. ಅಲ್ಲಿನ ಹುಡುಗಿಯೊಬ್ಬಳನ್ನು ನೋಡಿ, ಒಪ್ಪಿ, ನಾನು ನಿದ್ದೆ ಕೆಡಿಸಿಕೊಂಡಿದ್ದ ಕಾಲವದು. ಅವಳ ಅಜ್ಜಿ ಒಂದೇ ಮಾತು ಹೇಳಿ ಕಳಿಸಿದರು: "ಮೂಳೆ ಸಕ್ಕರೆ ಮಾಡೋನಿಗೆ ನಮ್ಮ ಹುಡುಗಿ ಇಲ್ಲ."

ನನ್ನ ಜೀವ ಹಾರಿಹೋಯಿತು. ಅದು ಬಿಳಿಯರ ಕಾರ್ಖಾನೆಯ ಕಥೆ, ಇಲ್ಲಿ ಬರೀ ಸುಣ್ಣ ಮತ್ತು ಗಂಧಕದ ಹೊಗೆ ಅಂತ ನನ್ನ ಚಿಕ್ಕಪ್ಪ ಹೋಗಿ ಬೇಡಿಕೊಂಡರು. ತಾತನ ಮಾತನ್ನೂ ಮುಟ್ಟಿಸಿದರು: "ನಿಮ್ಮೂರಲ್ಲಿ ರೇಷ್ಮೆಗೆ ಹುಳ ಬೇಯಿಸಲ್ವಾ?"

ಅಜ್ಜಿಯ ಉತ್ತರ ಸಿದ್ಧವಿತ್ತು: "ಬೇಯಿಸ್ತೀವಿ. ಸೀರೇನ ಪಾಯಸಕ್ಕೆ ಹಾಕಲ್ಲ."

ಅಜ್ಜಿಯ ತಪಾಸಣೆ

ಕೊನೆಗೆ, ಕಣ್ಣಾರೆ ನೋಡಿಯೇ ತೀರ್ಮಾನ ಅಂತ ಅಜ್ಜಿ ಬಸ್ಸಲ್ಲಿ ಬಂದಿಳಿದರು. ಕಬ್ಬು ಅರೆಯುವಲ್ಲಿ ಬಗ್ಗಿ ನೋಡಿದರು, ಸುಣ್ಣದ ತೊಟ್ಟಿಯಲ್ಲಿ ಕೋಲಾಡಿಸಿದರು, ಗಂಧಕದ ಹೊಗೆಗೆ ಕೆಮ್ಮಿದರು. ಮೂಳೆ ಸಿಗಲಿಲ್ಲ. ಆದರೂ ಮುಖದ ಗಂಟು ಬಿಚ್ಚಲಿಲ್ಲ. ನಾನು ಅಂಗೈಯಲ್ಲಿ ಚಿಟಿಕೆ ಸಕ್ಕರೆ ಹಿಡಿದುಕೊಂಡು ಹಿಂದೆ ಹಿಂದೆಯೇ ಸುತ್ತುತ್ತಿದ್ದೆ. ಬೆವರಿಗೆ ಅದು ಪಾಕವಾಗುತ್ತಿತ್ತು.

ಪಾತ್ರೆಯ ಮುಂದೆ ಅಜ್ಜಿ ಗಕ್ಕನೆ ನಿಂತರು. ಸಕ್ಕರಮ್ಮನನ್ನು ದಿಟ್ಟಿಸಿದರು. ನಮ್ಮ ತಾತನಿಗೆ ಸುಮ್ಮನಿದ್ದು ಗೊತ್ತಿಲ್ಲ. "ದೇವರು ಕಾದಮ್ಮಾ, ದೇವರಲ್ಲ! ಬಿಳಿಯರ ರಾಣಿ!" ಅಂದೇಬಿಟ್ಟರು. ಮದುವೆ ಮುರಿಯಿತು ಅಂತ ನಾನು ಕಣ್ಣು ಮುಚ್ಚಿದೆ.

"ನಂಗೊತ್ತಿಲ್ವೇನಪ್ಪಾ?" ಅಂದರು ಅಜ್ಜಿ. "ನಮ್ಮ ಮನೇಲಿರೋ ಹಳೇ ಬೆಳ್ಳಿ ರೂಪಾಯಿ ಮೇಲೆ ಕೂತಿರೋಳು ಇವಳೇ. ವರ್ಷಾ ವರ್ಷಾ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದಲ್ಲಿಟ್ಟು ಪೂಜೆ ಮಾಡ್ತೀನಿ. ನಮ್ಮ ಮನೆ ಲಕ್ಷ್ಮಿ!"

ಸೆರಗು ಹೊದ್ದು ಕೈಮುಗಿದರು. ಆಮೇಲೆ ಇನ್ನೊಮ್ಮೆ ಆ ತಟ್ಟೆಯಗಲದ ಮುಖವನ್ನು ನೋಡಿ, ನನ್ನ ಅಂಗೈಯಿಂದ ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

"ಮದುವೆಗೆ ದಿನ ನೋಡ್ರಪ್ಪಾ," ಅಂದರು. "ನಮ್ಮನೇಲಿ ರೂಪಾಯಿಯಷ್ಟಿದ್ದೋಳು ಇಲ್ಲಿ ಇಷ್ಟು ದಪ್ಪ ಆಗವಳೆ. ಅವಳೇ ದಿನಾ ಈ ಸಕ್ಕರೆ ತಿಂತಿದ್ರೆ ನಂದೇನು ಮಡಿ?"