ಕೊಟ್ರಮ್ಮನ ಝಳವೂ ನನ್ನ ರಿಪೇರಿಯೂ

೧೯೬೬ರಲ್ಲಿ, ಏಳನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಅದಕ್ಕೆ ಒಂದು ದಿನವೂ ನಾಚಿಕೊಂಡವನಲ್ಲ. ಪಂಪ್‌ಸೆಟ್ ಮೋಟರಿನ ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತುವುದರಲ್ಲಿ ಇಡೀ ಕೊಟ್ಟೂರಿಗೆ ನನ್ನ ಸಮ ಯಾರೂ ಇಲ್ಲ ಎಂದು ನಾನೇ ಹೇಳಿಕೊಂಡರೆ ಬಡಾಯಿ ಆದೀತು. ಬೇರೆಯವರು ಹೇಳಲಿ ಎಂದು ಕಾಯುತ್ತಾ ಕೂತರೆ ಅಂಗಡಿ ನಡೆಯಬೇಕಲ್ಲ! ಮೋಟರಿನ ಮೈಮೇಲೆ ಕೈಯಿಟ್ಟರೆ ಸಾಕು, ಬಿಸಿ ಎಲ್ಲಿಂದ ಹುಟ್ಟಿತೆಂದು ಹೇಳಿಬಿಡುತ್ತೇನೆ. ಅಂಥವನ ಹೆಂಡತಿಯೇ ಬಿಸಿಯಾಗತೊಡಗಿದರೆ ನಾನು ಯಾರನ್ನಾದರೂ ಕೇಳುವುದುಂಟೇ?

ಅದು ೨೦೦೩ನೇ ಇಸವಿ. ಕೊಟ್ರಮ್ಮನಿಗೆ ನಲವತ್ತೇಳು, ಮುಟ್ಟು ನಿಂತು ವರ್ಷವಾಗಿತ್ತು. ರೊಟ್ಟಿ ತಟ್ಟುತ್ತಿದ್ದಂತೆಯೇ ಎದೆಯಿಂದ ಮುಖಕ್ಕೆ ಝಳ ಏರುತ್ತಿತ್ತು, ಸೆರಗು ಹಿಂಡುವಷ್ಟು ಬೆವರು ಸುರಿಯುತ್ತಿತ್ತು. ನಿದ್ದೆಯಂತೂ ತಿಂಗಳುಗಟ್ಟಲೆ ಇಲ್ಲ. "ಮೈಯಾಗ ಯಾರೋ ಒಲಿ ಹಚ್ಚಿ ಹೋಗ್ಯಾರ ನೋಡ್ರಿ" ಎನ್ನುತ್ತಿದ್ದಳು. ಪಕ್ಕದ ಮನೆಯ ಗೌರಕ್ಕ ಪರಿಹಾರ ಕೊಟ್ಟರು: "ಗರ್ಭಚೀಲ ತೆಗಿಸಿಬಿಡ್ರಿ ಅಣ್ಣಾ, ಕಾಟನಾ ಇರಂಗಿಲ್ಲ. ನಮ್ಮ ಓಣ್ಯಾಗ ಐದು ಮಂದಿ ತೆಗಿಸ್ಯಾರ." ಕೆಟ್ಟ ಭಾಗ ತೆಗೆದು ಬಿಸಾಡುವುದು ನನ್ನ ಕಸುಬಿನ ಮೊದಲ ಪಾಠ. ಮಾತು ಹಿಡಿಸಿತು. ಮರುದಿನವೇ ಆಸ್ಪತ್ರೆಗೆ ಹೋಗಿ, ಬರುವ ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿ ಬಂದೆ. ಕೊಟ್ರಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಒಪ್ಪಿಗೆ ಎಂದು ಮದುವೆಯಾದಂದಿನಿಂದ ತಿಳಿದುಕೊಂಡು ಬಂದವನು ನಾನು.

ಸಂಜೆ ಬಾಯಿ ಬಿಟ್ಟಳು: "ಕೊಯ್ಯಿಸ್ಕೊಳ್ಳಾಕ ಅಂಜಿಕಿ ಬರ್ತೈತ್ರಿ. ಹರಪನಹಳ್ಳ್ಯಾಗ ಒಬ್ರು ಡಾಕ್ಟರಮ್ಮ ಅದಾರಂತ. ಅವರನ್ನೊಂದು ಮಾತು ಕೇಳೋಣು."

"ಈ ಬಿಸಿಲಾಗ ನೀ ಯಾಕ ಬರ್ತಿ? ನಾ ಕೇಳ್ಕೊಂಡು ಬರ್ತೀನಿ" ಎಂದು ಒಬ್ಬನೇ ಬಸ್ಸು ಹತ್ತಿದೆ.

ಇಲ್ಲೊಂದು ಮಾತು ಹೇಳಬೇಕು. ಕೆಲವು ರೈತರು ಮೋಟರನ್ನು ಬಾವಿಯಲ್ಲೇ ಬಿಟ್ಟು ಬರಿಗೈಯಲ್ಲಿ ನನ್ನ ಅಂಗಡಿಗೆ ಬಂದು, "ಗುರ್ ಅಂತೈತಿ, ತಿರಗವಲ್ದು, ಏನಾಗೈತಿ ಹೇಳು" ಎನ್ನುತ್ತಾರೆ. ಅಂಥವರಿಗೆಂದೇ ನನ್ನಲ್ಲಿ ಒಂದು ಬೈಗುಳ ಇದೆ. ಅದೇ ಬೈಗುಳವನ್ನು ಡಾಕ್ಟರಮ್ಮ ಅವತ್ತು ನನಗೆ ಬಹಳ ಮರ್ಯಾದೆಯಿಂದ ಬೈದರು.

ಹೆಂಡತಿಯ ಝಳ, ಬೆವರು, ನಿದ್ದೆಗೇಡು ಎಲ್ಲ ಹೇಳಿ ಮುಗಿಸಿದ ಮೇಲೆ ಕೇಳಿದರು: "ಪೇಷಂಟ್ ಎಲ್ಲಿ ಯಜಮಾನ್ರೇ?"

"ಮನ್ಯಾಗ ಅದಾಳ್ರಿ. ನಾ ಬಂದೀನಲ್ರಿ."

"ಝಳ ನಿಮಗೆ ಬರ್ತತೇನು?"

ಔಷಧಿ ಅಂಗಡಿಯವನಿಂದ ಕಲಿತದ್ದನ್ನು ಬಿಚ್ಚಿದೆ. "ಹಾರ್ಮೋನ್ ಗುಳಿಗಿ ಅಂತ ಐತಂತಲ್ರಿ, ಅದನ್ನ ಬರದುಕೊಡ್ರಿ. ಸಣ್ಣ ಪವರಿಂದು ಬ್ಯಾಡ, ಐದು ಎಚ್‌ಪಿ ಲೆಕ್ಕದಾಗ ಇರಲಿ."

ಆಕೆ ಪೆನ್ನು ಕೆಳಗಿಟ್ಟರು. "ಅವರಿಗೆ ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಎದೆಯಾಗೆ ಗಂಟು, ಲಿವರ್ ತೊಂದರೆ?"

"ಏನೂ ಇಲ್ರಿ. ಕಲ್ಲಿನಂಥಾ ಮನುಷ್ಯಾಳು."

"ಕಲ್ಲಿಗೆ ನಿದ್ದೆ ಕೆಡಂಗಿಲ್ಲ. ಕರ್ಕೊಂಡು ಬರ್ರಿ."

ಶುಕ್ರವಾರ ಇಬ್ಬರೂ ಹೋದೆವು. ಡಾಕ್ಟರಮ್ಮ ನನ್ನ ಕಡೆ ತಿರುಗಿಯೂ ನೋಡದೆ ಅವಳಿಗೇ ಬಿಡಿಸಿ ಹೇಳಿದರು. ಮೈಯಲ್ಲಿ ಒಂದು ಹಾರ್ಮೋನ್ ಇಳಿದದ್ದರಿಂದ ಈ ಝಳ. ಗರ್ಭಚೀಲ ಕಿತ್ತರೆ ಝಳ ಹೋಗುವುದಿಲ್ಲ. ಆ ಹಾರ್ಮೋನನ್ನು ಗುಳಿಗೆಯಾಗಿ ನುಂಗಬಹುದು, ಪಟ್ಟಿಯಾಗಿ ಚರ್ಮಕ್ಕೆ ಅಂಟಿಸಬಹುದು. ಗರ್ಭಚೀಲ ಇರುವವರಿಗೆ ಅದರ ಒಳಪದರ ಕೆಡದಂತೆ ಕಾಯಲು ಇನ್ನೊಂದು ಹಾರ್ಮೋನೂ ಜೊತೆಗೆ ಬೇಕು. ಎಷ್ಟು ಕಡಿಮೆಯಲ್ಲಿ ಕೆಲಸ ಆಗುತ್ತದೋ ಅಷ್ಟೇ ಕೊಡುವುದು. ಹೀಗೆನ್ನುವಾಗ ಮಾತ್ರ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದಿದೆ. ಆಮೇಲೆ ಹಿಂದಿನ ಸಲ ನನ್ನನ್ನು ಕೇಳಿದ್ದ ಹೆಪ್ಪು, ಗಂಟು, ಲಿವರಿನ ಪ್ರಶ್ನೆಯನ್ನೇ ಅವಳನ್ನೂ ಕೇಳಿದರು.

"ತವರಮನ್ಯಾಗ ಎರಡನೇ ಬಾಣಂತನದಾಗ ಎಡಗಾಲು ಬಾತು ರಕ್ತ ಹೆಪ್ಪುಗಟ್ಟಿತ್ರೀ" ಎಂದಳು ಕೊಟ್ರಮ್ಮ. "ಇಪ್ಪತ್ತು ದಿನ ದವಾಖಾನ್ಯಾಗಿದ್ದೆ. ಇವ್ರಿಗೆ ಗೊತ್ತಿಲ್ಲ ಬಿಡ್ರಿ. ಹಡಗಲಿ ಕಡಿ ಮೋಟರ್ ಸುತ್ತಾಕ ಹೋಗಿದ್ರು."

ಆಕೆ ನನ್ನ ಮಾತು ನಂಬಿ ಐದು ಎಚ್‌ಪಿ ಬರೆದುಕೊಟ್ಟಿದ್ದರೆ?

"ಹಂಗಾದ್ರೆ ಹಾರ್ಮೋನ್ ಗುಳಿಗೆ ಬ್ಯಾಡ, ಮತ್ತೆ ರಕ್ತ ಹೆಪ್ಪುಗಟ್ಟೀತು" ಎಂದರು ಡಾಕ್ಟರಮ್ಮ. "ಪಟ್ಟಿಯಿಂದ ಆ ಅಪಾಯ ಕಡಿಮೆ ಅಂತಾರೆ. ಆದ್ರೂ ನಿಮಗೆ ಕೊಡೋ ಮುಂಚೆ ದಾವಣಗೆರೆಯ ದೊಡ್ಡ ಡಾಕ್ಟರನ್ನ ಕೇಳಬೇಕು. ಹಾರ್ಮೋನ್ ಇಲ್ಲದ ಬೇರೆ ಗುಳಿಗೆ ಐತೆ. ಝಳ ಪೂರ್ತಿ ಹೋಗಲ್ಲ, ಅರ್ಧ ಇಳಿದೀತು. ಯಾವುದು ಬೇಕು?"

ನಾನು ಗಂಟಲು ಸರಿಮಾಡಿಕೊಂಡೆ.

"ನಿಮ್ಮನ್ನಲ್ಲ ಯಜಮಾನ್ರೇ."

ಕೊಟ್ರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದಳು: "ಅರ್ಧ ಇಳಿದ್ರ ಸಾಕ್ರಿ. ಉಳಿದರ್ಧಕ್ಕ ಇವ್ರ ಅಂಗಡ್ಯಾಗ ಫ್ಯಾನ್ ಅದಾವಲ್ರಿ."

ಹೊರಗೆ ಬಂದು ಮೆಲ್ಲಗೆ ಕೇಳಿದೆ: "ಸೋಮವಾರ ಆಪರೇಷನ್ ಗೊತ್ತಾಗೈತಲ್ಲಾ?"

"ಗೊತ್ತು ಮಾಡಿದವರು ನೀವು. ನೀವಾ ಮಾಡಿಸ್ಕೊಂಡು ಬರ್ರಿ" ಎಂದು ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಳು. ಬಸ್ಸು ಊರು ದಾಟುವ ಮುಂಚೆಯೇ ನಿದ್ದೆ ಹೋದಳು. ತಿಂಗಳುಗಳ ಮೇಲೆ ಬಂದ ನಿದ್ದೆ. ಕೊಟ್ಟೂರಿನ ತನಕ ಅವಳ ತಲೆ ಹೊತ್ತ ನನ್ನ ಭುಜ ಅಲುಗಾಡಲಿಲ್ಲ.

ಸೋಮವಾರ ಬಂತು, ಹೋಯಿತು. ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು, ತಂತಿ ಸುತ್ತುವ ಯಂತ್ರ ಎರಡು, ಮಾರ್ಗಶಿರದ ಚಳಿಯಲ್ಲೂ ಅವಳ ಕಡೆ ಮುಖಮಾಡಿ ತಿರುಗುವ ಫ್ಯಾನು ಮೂರು, ಗಾಢವಾಗಿ ನಿದ್ದೆ ಮಾಡುವ ಹೆಂಡತಿ ಒಬ್ಬಳು, ಕಂಬಳಿ ಎರಡು. ಎರಡೂ ನನ್ನ ಮೇಲೆಯೇ ಇವೆ.