ಸದ್ದಿಲ್ಲದೆ ಮುಚ್ಚಿದ ಬೀರು

ವೈಡನ್‌ಬರ್ಗ್ ನಗರದ ಬಡಗಿ ಯಜಮಾನರ ಸಂಘ
ಸಂಖ್ಯೆ: ಬಯಸಂ/ಬೀರು/17/1791
ದಿನಾಂಕ: 9 ಆಗಸ್ಟ್ 1791, ಮಂಗಳವಾರ

ಸುತ್ತೋಲೆ

ವಿಷಯ: ಕೂಲಿ ಬಡಗಿ ಕಿಲಿಯನ್ ಶ್ಟಾಡ್ಲರ್ ಎಂಬಾತನ ತಿರಸ್ಕೃತ ಬೀರುವನ್ನು ಸಂಘವೇ ಬಳಸಿಕೊಂಡಿದ್ದರೂ ಅದು ತಿರಸ್ಕೃತವೇ ಎಂಬ ಕುರಿತು.

ಉಲ್ಲೇಖ: 1. ಸಂಘದ ತಿರಸ್ಕಾರ ಆದೇಶ.
2. ಹಿರಿಯ ಯಜಮಾನ ಗೊಟ್‌ಫ್ರೀಡ್ ಆಪೆಲ್ಟ್ ಅವರ ಮರಣ (ಪೂರ್ವಾನುಮತಿ ಪಡೆದಿರುವುದಿಲ್ಲ).

ಸದರಿ ಕಿಲಿಯನ್ ಹನ್ನೊಂದು ವರ್ಷ ಪರರ ಕಾರ್ಖಾನೆಗಳಲ್ಲಿ ದುಡಿದು, ಯಜಮಾನನಾಗಲು ಪರೀಕ್ಷೆಗೆಂದು ಒಂದು ಬೀರು ಮಾಡಿ ಒಪ್ಪಿಸಿರುತ್ತಾನೆ. ಯಜಮಾನನಾಗದ ಹೊರತು ಆತ ಸ್ವಂತ ಅಂಗಡಿ ತೆರೆಯುವಂತಿಲ್ಲ, ಮದುವೆಯಾಗುವಂತಿಲ್ಲ. ಒಟೀಲಿಯೆ ಎಂಬ ಹೆಣ್ಣುಮಗಳು ಆರು ವರ್ಷಗಳಿಂದ ಕಾಯುತ್ತಿರುವುದು ಸಂಘದ ಗಮನಕ್ಕೆ ಬಂದಿದ್ದು, ಕಾಯುವುದಕ್ಕೆ ನಿಯಮಗಳಲ್ಲಿ ಯಾವುದೇ ಅಡ್ಡಿಯಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸ್ಪಷ್ಟಪಡಿಸಲಾಗಿದೆ.

1. ಬೀರುವಿನ ಬಾಗಿಲು ಮುಚ್ಚಿದಾಗ ಸದ್ದೇ ಬಾರದ ಕಾರಣ ಅದು ಮುಚ್ಚಿತೆಂಬುದಕ್ಕೆ ಪುರಾವೆಯಿಲ್ಲ. ಎರಡು ತಾಸು ಹುಡುಕಿದರೂ ಒಂದು ಸಂದೂ ಸಿಗಲಿಲ್ಲ. ದೋಷವನ್ನು ಇಷ್ಟು ಜಾಣತನದಿಂದ ಬಚ್ಚಿಟ್ಟಿರುವುದು ಶುದ್ಧ ಮೋಸವೆಂದು ಬೀರುವನ್ನು ತಿರಸ್ಕರಿಸಿ, ಜಪ್ತಿ ಮಾಡಲಾಗಿದೆ.

2. ಕಾರ್ಯದರ್ಶಿಗಳ ಮಗನ ಮೂರು ಕಾಲಿನ ಕುರ್ಚಿಯನ್ನು ಹಿಂದಿನ ವರ್ಷ ಇದೇ ಪರೀಕ್ಷೆಯಲ್ಲಿ ಒಪ್ಪಿದ್ದನ್ನು ಕೆಲವರು ಎತ್ತಿ ಆಡುತ್ತಿದ್ದಾರೆ. ಯಜಮಾನರ ಮಗನಾಗಿರುವುದನ್ನೇ ನಾಲ್ಕನೆಯ ಕಾಲೆಂದು ಪರಿಗಣಿಸಲಾಗಿತ್ತು.

3. ತಿರಸ್ಕಾರ ಆದೇಶ ಓದಿದ ಕೂಡಲೇ ಮೂವತ್ತೊಂದು ಕೂಲಿ ಬಡಗಿಗಳು ಗಂಟುಮೂಟೆ ಹೊತ್ತು ನದಿಯಾಚೆಯ ಊರಿನ ಛತ್ರ ಸೇರಿ, ವೈಡನ್‌ಬರ್ಗ್ ಮಾನಗೆಟ್ಟ ಊರು, ಯಾರೂ ಕಾಲಿಡಬೇಡಿ ಎಂದು ಊರೂರಿಗೆ ಪತ್ರ ಬರೆದಿದ್ದಾರೆ. ಹೋಗುವಾಗ "ಯಜಮಾನ್ರೇ, ಉಳಿ ಯಾವ ಕಡೆ ಹಿಡೀಬೇಕು ಅಂತಾದ್ರೂ ನೆನಪಿದ್ಯಾ?" ಎಂದು ಕೂಗಿರುತ್ತಾರೆ. ಈ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.

4. ಸೋಮವಾರ ಕೆಲಸಕ್ಕೆ ಚಕ್ಕರ್ ಹಾಕಿ ಬಿಯರ್ ಕುಡಿಯುವುದು ಈ ಜನರ ಹಳೆಯ ಪದ್ಧತಿಯಾದ್ದರಿಂದ, ಅವರು ಊರು ಬಿಟ್ಟಂದಿನಿಂದ ಸೋಮವಾರವನ್ನೇ ರದ್ದುಪಡಿಸಲಾಗಿದೆ. ಹಿರಿಯ ಯಜಮಾನರು ಕಳೆದ ವಾರದ ಸೋಮವಾರವೇ ತೀರಿಕೊಂಡಿದ್ದರಿಂದ, ಮಂಗಳವಾರದವರೆಗೆ ಅವರನ್ನು ಹಾಜರಿ ಎಂದೇ ನಮೂದಿಸಲಾಯಿತು. ಆಗಸ್ಟ್ ತಿಂಗಳ ಸೆಕೆ ಮಾತ್ರ ಈ ಆದೇಶವನ್ನು ಪಾಲಿಸಲಿಲ್ಲ.

5. ಊರಿನಲ್ಲಿ ಕೂಲಿ ಬಡಗಿಗಳಿಲ್ಲದ ಕಾರಣ ಒಂಬತ್ತು ಮಂದಿ ಯಜಮಾನರೇ ಖುದ್ದಾಗಿ ಕೂತು ಎರಡು ದಿನದಲ್ಲಿ ಶವಪೆಟ್ಟಿಗೆ ತಯಾರಿಸಿದರು. ಹಿಟ್ಟಿನ ಮೂಟೆಯಿಟ್ಟು ಎತ್ತಿ ನೋಡಲಾಗಿ, ಪೆಟ್ಟಿಗೆ ಮೇಲೆ ಬಂದಿತು. ತಳ ಮತ್ತು ಮೂಟೆ ನೆಲದಲ್ಲೇ ಉಳಿದವು. ಆಗ ಮೃತರ ಪತ್ನಿ ಬಾರ್ಬರಾ ಅಮ್ಮನವರು, "ಥೂ ನಿಮ್ಮ! ದಾರಿ ಮಧ್ಯ ನನ್ನ ಗಂಡನ್ನ ಬೀಳಿಸ್ತೀರಾ? ಆ ಹುಡುಗನ ಬೀರು ತನ್ನಿ, ಅದರಲ್ಲೇ ಮಲಗ್ಸಿ" ಎಂದರು. "ಥೂ" ಎಂಬುದನ್ನು ಕಡತದಿಂದ ತೆಗೆದುಹಾಕಲಾಗಿದೆ.

6. ಅದರಂತೆ ಬೀರುವಿನ ಒಳಗಿನ ಅಡ್ಡ ಹಲಗೆಗಳನ್ನು ಕಳಚಿ, ಅಂಗಾತ ಮಲಗಿಸಿ, ಹಿರಿಯ ಯಜಮಾನರನ್ನು ಅದರಲ್ಲಿಟ್ಟು ಹೂಳಲಾಯಿತು. ಬಾಗಿಲು ಈ ಸಲವೂ ಸದ್ದು ಮಾಡಲಿಲ್ಲ. ದೋಷ ಮುಂದುವರಿದಿದೆ ಎಂಬುದಕ್ಕೆ ಇದೇ ಸಾಕ್ಷಿ. ಸಮಾಧಿಯ ಬಳಿ ನಿಂತು "ಏನ್ ಕೆಲಸ ಮಾರಾಯ!" ಎನ್ನುವುದನ್ನು ನಿಷೇಧಿಸಲಾಗಿದೆ. ಅಳಲು ಅಭ್ಯಂತರವಿಲ್ಲ.

7. ಕಿಲಿಯನ್ ಮರುಪರಿಶೀಲನೆ ಬಯಸಿದಲ್ಲಿ ಹದಿನೈದು ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ಸದರಿ ಬೀರುವನ್ನು ಮೂಲ ಸ್ಥಿತಿಯಲ್ಲಿ, ಖಾಲಿಯಾಗಿ ಹಾಜರುಪಡಿಸುವುದು ಕಡ್ಡಾಯ.

(ಸಹಿ)
ಬಾಲ್ಟಸಾರ್ ಹೋಲ್‌ವೆಗ್
ಕಾರ್ಯದರ್ಶಿ (ಮೂರು ಕಾಲಿನ ಕುರ್ಚಿಯಿಂದ ಬಿದ್ದಿರುವುದರಿಂದ ಎಡಗೈ ಸಹಿ)

ಪ್ರತಿಗಳು:
1. ಹಿರಿಯ ಯಜಮಾನ ಗೊಟ್‌ಫ್ರೀಡ್ ಆಪೆಲ್ಟ್ ಅವರಿಗೆ, ಬೀರುವಿನ ವಿಳಾಸಕ್ಕೆ, ಮಾಹಿತಿಗಾಗಿ.
2. ಕಚೇರಿ ಪ್ರತಿ (ಕಪಾಟಿನ ಬಾಗಿಲು ಕಳಚಿದ್ದು, ಕೂರಿಸುವವರಿಲ್ಲದ ಕಾರಣ ನೆಲದ ಮೇಲಿಡುವುದು).
3. ಕಿಲಿಯನ್ ಶ್ಟಾಡ್ಲರ್, ನದಿಯಾಚೆಯ ಛತ್ರ. ಹೂಳಿದ ಬಳಿಕ, ಬಾಗಿಲು ಸದ್ದು ಮಾಡದ ಬಗ್ಗೆ ವಿವರಣೆ ಕೇಳಿ ಈತನಿಗೆ ಕಳಿಸಿದ್ದ ಹಿಂದಿನ ನೋಟಿಸು ವಾಪಸು ಬಂದಿದ್ದು, ಹಿಂಬದಿಯಲ್ಲಿ "ಸದ್ದು ಬೇಕಿದ್ರೆ ದೊಡ್ಡ ಯಜಮಾನ್ರು ಒಳಗಿಂದ ಬಡೀಲಿ, ಬಂದು ನೋಡ್ತೀನಿ" ಎಂದು ಬರೆದಿರುತ್ತದೆ. ಬಡಿತ ಕೇಳಿಸಿದ ಕೂಡಲೇ ವರದಿ ಮಾಡಲು ಇಬ್ಬರು ಯಜಮಾನರನ್ನು ಸ್ಮಶಾನದಲ್ಲಿ ನೇಮಿಸಲಾಗಿದೆ.